ಜಾವಾ 350 ಮನೆಗೆ ಬಂತು: ಡೆಲಿವರಿ, ಮೊದಲ ಓಟ, ಮತ್ತೆ ಒಂದೆರಡು ಪ್ರಶ್ನೆ

ಕುವೆಂಪುನಗರ ಸವಾರ
ನಮಸ್ಕಾರ ಗೆಳೆಯರೇ. ಗಾಡಿ ಬಂತು! ಜಾವಾ 350, ಮರೂನ್ ಬಣ್ಣ, ಸ್ಪೋಕ್ ಚಕ್ರದ್ದು. ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಲಿ ಎಂದು ತಡೆದುಕೊಂಡು ಕೂತಿದ್ದೆ. 350 ಸಿಸಿವರೆಗಿನ ಗಾಡಿಗೆ ಮಾತ್ರ ಆ ಇಳಿಕೆ. ಇದು 334 ಸಿಸಿ, ಬಚಾವ್.

ಡೆಲಿವರಿಗೆ ಬೆಳಿಗ್ಗೆಯೇ ಹೋಗಿದ್ದೆ. ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ಪೇಂಟಿನ ಗೀರು ಕಾಣುವುದಿಲ್ಲ ಎಂದು ಇಲ್ಲೇ ಯಾರೋ ಬರೆದಿದ್ದರು. ಹಾರ ಹಾಕುವ ಮೊದಲೇ ಚಾಸಿ ನಂಬರನ್ನು ಬಿಲ್ ಜೊತೆ ತಾಳೆ ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದಲ್ಲ, ಯಾವ ವರ್ಷದ ಎಷ್ಟನೇ ವಾರ ತಯಾರಾದದ್ದು ಎಂದು ಹೇಳುವುದು, ಅದನ್ನೂ ಬಗ್ಗಿ ನೋಡಿದೆ. ಎಂಜಿನ್ ತಂಪಾಗಿಡುವ ಕೂಲೆಂಟ್ ಮಟ್ಟ, ಎರಡು ಕೀ, ಟೂಲ್ ಕಿಟ್ ಎಲ್ಲ ಸರಿ ಇತ್ತು. ಅಷ್ಟು ಹೊತ್ತೂ ಅಲ್ಲಿನ ಹುಡುಗ ಪಾಪ, ಫೋಟೋಗೆಂದು ದೊಡ್ಡ ರಟ್ಟಿನ ಕೀ ಹಿಡಿದುಕೊಂಡು ನಿಂತಿದ್ದ.

ಅಲ್ಲಿಂದ ನೇರ ಅರಮನೆ ಹತ್ತಿರದ ಕೋಟೆ ಆಂಜನೇಯನ ಗುಡಿಗೆ. ಅರ್ಚಕರು ಕುಂಕುಮ ಕಲಸಿದ ಬೆರಳನ್ನು ಟ್ಯಾಂಕ್ ಕಡೆಗೆ ತಂದರು. ಅಮ್ಮ ಪಕ್ಕದಲ್ಲೇ ಇದ್ದರು, ಬೇಡ ಎನ್ನುವ ಹಾಗಿಲ್ಲ. "ಸ್ವಾಮಿ, ಹೆಡ್‌ಲೈಟ್ ಮೇಲೆ ಹಾಕ್ತೀರಾ?" ಎಂದೆ. ಅವರು ನಕ್ಕು ಗಾಜಿನ ಮೇಲೆ ಪುಟ್ಟ ಸ್ವಸ್ತಿಕ ಬರೆದರು. ದಿನಾ ಇಂಥವರನ್ನು ನೋಡಿರುತ್ತಾರೆ ಅನ್ಸುತ್ತೆ. ಮುಂದಿನ ಚಕ್ರದ ನಿಂಬೆಹಣ್ಣು ಪಚಕ್ ಎಂದು ಒಡೆಯಿತು. ಹಿಂದಿನದು ಜಾರಿ ಪಕ್ಕದ ಸ್ಕೂಟರ್ ಕೆಳಗೆ ಹೋಯಿತು. ಅಮ್ಮ ಬಿಡಲಿಲ್ಲ, ಇನ್ನೊಂದು ತರಿಸಿ ಒಡೆಸಿದರು.

ಇನ್ನು ಓಟ. ಜೆಎಲ್‌ಬಿ ರಸ್ತೆಯ ಟ್ರಾಫಿಕ್‌ನಲ್ಲಿ ಮೊದಲು ಗೊತ್ತಾಗಿದ್ದು ಕ್ಲಚ್ ಎಷ್ಟು ಹಗುರ ಅಂತ. ಎರಡು ಬೆರಳು ಸಾಕು. ಕಂಪನಿ ಲೆಕ್ಕದಲ್ಲಿ ಟಾರ್ಕ್, ಅಂದರೆ ಎಳೆತ, 28 ಎನ್‌ಎಂ; ಪವರ್ 22 ಚಿಲ್ಲರೆ ಬಿಎಚ್‌ಪಿ. ಹಂಪ್ ದಾಟಿದ ಮೇಲೆ ಗೇರ್ ಇಳಿಸದೆ ಹಾಗೇ ಎಳೆದುಕೊಂಡು ಹೋಗುತ್ತದೆ. ಚಾಮುಂಡಿ ಬೆಟ್ಟದ ತಿರುವುಗಳನ್ನು ಆರಾಮಾಗಿ ಮೂರನೇ ಗೇರಲ್ಲೇ ಹತ್ತಿತು. ರಿಂಗ್ ರಸ್ತೆಯಲ್ಲಿ ಆರನೇ ಗೇರ್ ಹಾಕಿದರೆ ಎಂಜಿನ್ ಸದ್ದು ಪೂರ್ತಿ ತಗ್ಗುತ್ತದೆ, ಹ್ಯಾಂಡಲ್ ನಡುಕವೂ ಇಲ್ಲ. ಇಷ್ಟವಾಗದ್ದೂ ಇದೆ. ಒಬ್ಬನೇ ಕೂತಾಗ ಹಿಂದಿನ ಸಸ್ಪೆನ್ಷನ್ ಗಟ್ಟಿ ಅನ್ಸುತ್ತೆ. ಸಿಗ್ನಲ್‌ನಲ್ಲಿ ರೇಡಿಯೇಟರ್ ಫ್ಯಾನ್ ಶುರುವಾದರೆ ಕಾಲಿಗೆ ಬಿಸಿಗಾಳಿ.

ಪ್ರಶ್ನೆ ಎರಡು. ಮೊದಲ ಸರ್ವಿಸ್ ಆಗುವವರೆಗೆ ಹೇಗೆ ಓಡಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಎರಡನೆಯದು ಹಳೇ ಜಾವಾ ಇಟ್ಟುಕೊಂಡವರಿಗೆ: ಇದನ್ನು ಜಾವಾ ಎಂದು ಒಪ್ಪುತ್ತೀರಾ?

ಮದ್ದೂರು ವಡೆ
ಅಭಿನಂದನೆ ಗುರು. ಫೋಟೋ ಎಲ್ಲಿ? ಫೋಟೋ ಇಲ್ಲದ ಡೆಲಿವರಿ ಇಲ್ಲಿ ಲೆಕ್ಕಕ್ಕಿಲ್ಲ.

ಗುಡುಗುಡು ಗಾಡಿ
ಶುಭಾಶಯ. ಆದರೆ ಕೇಳಲೇಬೇಕು, ಎನ್‌ಫೀಲ್ಡ್ ಕ್ಲಾಸಿಕ್ 350 ಯಾಕೆ ಬೇಡ ಅನ್ನಿಸಿತು? ಅದೂ 349 ಸಿಸಿ, ಅದಕ್ಕೂ ಅದೇ ಜಿಎಸ್‌ಟಿ. ಯಾವ ಊರಿಗೆ ಹೋದರೂ ಬಸ್‌ಸ್ಟ್ಯಾಂಡ್ ಪಕ್ಕ ಒಬ್ಬ ಬುಲೆಟ್ ಮೆಕ್ಯಾನಿಕ್ ಇರುತ್ತಾನೆ. ಮಾರುವಾಗ ಬೆಲೆಯೂ ಸಿಗುತ್ತದೆ. ರೇಡಿಯೇಟರ್, ಫ್ಯಾನ್, ಕೂಲೆಂಟ್ ಯಾವ ತಲೆನೋವೂ ಇಲ್ಲ.

ಕುವೆಂಪುನಗರ ಸವಾರ
ಎರಡನ್ನೂ ಟೆಸ್ಟ್ ರೈಡ್ ಮಾಡಿದೆ ಅಣ್ಣ. ಕ್ಲಾಸಿಕ್ ಕೂಡ ತುಂಬಾ ಚೆನ್ನಾಗಿದೆ, ಸುಮ್ನೆ ಹೇಳುತ್ತಿಲ್ಲ. ಸಸ್ಪೆನ್ಷನ್ ಅದರದ್ದೇ ಮೆತ್ತಗೆ. ಆದರೆ ಅದಕ್ಕೆ ಐದು ಗೇರ್. ನನಗೆ ಎಂಜಿನ್ ಸ್ವಲ್ಪ ಮೇಲೆ ತಿರುಗಿಸಿ ಓಡಿಸುವುದು ಇಷ್ಟ, ಅಲ್ಲಿ ಜಾವಾ ಗೆದ್ದಿತು. ಜೊತೆಗೆ ನಮ್ಮ ಬೀದಿಯಲ್ಲಿ ಆಗಲೇ ಆರು ಬುಲೆಟ್ ಇವೆ.

ಗುಡುಗುಡು ಗಾಡಿ
ಆರು ಇವೆ ಅಂದರೆ ಆರು ಜನಕ್ಕೆ ಬುದ್ಧಿ ಇದೆ ಅಂತ ಅರ್ಥ.

ಹಳೇ ಎರಡು ಸ್ಟ್ರೋಕ್
ನಿಮ್ಮ ಎರಡನೇ ಪ್ರಶ್ನೆ ನನಗೇ ಕೇಳಿದ ಹಾಗಿದೆ. ಮನೆಯಲ್ಲಿ ಹಳೇ ಜಾವಾ 250 ಒಂದು, ಯೆಜ್ಡಿ ರೋಡ್‌ಕಿಂಗ್ ಒಂದು ಇದೆ. ಎರಡೂ ಓಡುತ್ತವೆ.

ಉತ್ತರ: ಒಪ್ಪುವುದಿಲ್ಲ.

ಜಗಳಕ್ಕೆ ಬರಬೇಡಿ, ಕಾರಣ ಕೇಳಿ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಶುರುವಾದದ್ದು 1960–61ರ ಸುಮಾರಿಗೆ, ಜಯಚಾಮರಾಜ ಒಡೆಯರ್ ಕಾಲದಲ್ಲಿ. 1973ರಿಂದ ಯೆಜ್ಡಿ ಹೆಸರು. 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಯಲ್ಲಿ ಗೇರ್ ಲಿವರ್, ಕಿಕ್ಕರ್ ಎರಡೂ ಒಂದೇ. ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದ್ದು ಸ್ಟಾರ್ಟ್ ಮಾಡಿ, ಮತ್ತೆ ಕೆಳಗಿಳಿಸಿ ಅದರಲ್ಲೇ ಗೇರ್ ಹಾಕಬೇಕು. ಹೊಸಬರ ಕೈಗೆ ಕೊಟ್ಟರೆ ಕಿಕ್ಕರ್ ಎಲ್ಲಿದೆ ಎಂದು ಬಲಗಡೆ ಹುಡುಕುತ್ತಾರೆ. ಇನ್ನೊಂದು ಮಜಾ, ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಕ್ಲಚ್ ಕೇಬಲ್ ತುಂಡಾದರೂ ಮನೆಗೆ ಬರಬಹುದು. ಇಗ್ನಿಷನ್ ಕೀ ಮೊಳೆಯಂತೆ ಇರುತ್ತದೆ, ಒಳಕ್ಕೆ ಒತ್ತಬೇಕು. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮನೆ ಮುಂದೆ ಹೊಗೆ, ಎದುರು ಮನೆಯವರ ಬೈಗುಳ.

ನಿಮ್ಮದು ನಾಲ್ಕು ಸ್ಟ್ರೋಕ್, ನೀರು ತಂಪಿನ ಎಂಜಿನ್, ಫ್ಯುಯೆಲ್ ಇಂಜೆಕ್ಷನ್, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಒಳ್ಳೆ ಗಾಡಿ, ಇಲ್ಲ ಅನ್ನಲ್ಲ. ಟ್ಯಾಂಕಿನ ಆಕಾರ, ಬಣ್ಣ, ಎರಡು ಸೈಲೆನ್ಸರ್ ಬಿಟ್ಟರೆ ನಮ್ಮದಕ್ಕೂ ಅದಕ್ಕೂ ಏನು ಸಂಬಂಧ ಹೇಳಿ.

ಯಾದವಗಿರಿ ಕ್ರಾಸ್
ಸಾರ್, ಈ ಲೆಕ್ಕ ಹಿಡಿದರೆ ಯಾವುದೂ ಉಳಿಯುವುದಿಲ್ಲ. ಎನ್‌ಫೀಲ್ಡ್ ಇಂಗ್ಲೆಂಡಿನದು, ಈಗ ಚೆನ್ನೈ ಕಡೆ ತಯಾರಾಗುತ್ತದೆ. ಟ್ರಯಂಫ್ ಸ್ಪೀಡ್ 400 ಬಜಾಜ್‌ನವರು ಚಾಕಣದಲ್ಲಿ ಮಾಡುತ್ತಾರೆ. ಜಾವಾನೇ ಮೂಲದಲ್ಲಿ ಜೆಕ್ ದೇಶದ್ದು. ಮೈಸೂರಿಗೆ ಬಂದಾಗ ಅಲ್ಲಿಯವರೂ "ಇದು ನಮ್ಮ ಜಾವಾ ಅಲ್ಲ" ಅಂದಿರಬಹುದು, ಯಾರಿಗೆ ಗೊತ್ತು.

ನಮ್ಮ ದೊಡ್ಡಪ್ಪ ಆ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿದವರು. 2018ರಲ್ಲಿ ಜಾವಾ ಮತ್ತೆ ಬರುತ್ತದೆ ಎಂದಾಗ ಪೇಪರ್ ಹಿಡಿದುಕೊಂಡು ಮೊದಲು ಕೇಳಿದ್ದು, "ಮೈಸೂರಲ್ಲಿ ಮಾಡ್ತಾರಾ?" ಅಂತ. ಇಲ್ಲ ಎಂದೆ. ಪೇಪರ್ ಮಡಚಿ ಕಾಫಿ ಕುಡಿಯಲು ಹೋದರು. ಆಮೇಲೆ ಶೋರೂಮಿಗೆ ಕರೆದುಕೊಂಡು ಹೋದೆ. ಗಾಡಿ ಸುತ್ತ ಒಂದು ಸುತ್ತು ಬಂದು, ಟ್ಯಾಂಕಿನ ಅಡಿ ಸೀಮಿಗೆ ಬೆರಳು ಹಾಕಿ ಸವರಿ, "ವೆಲ್ಡಿಂಗ್ ಚೆನ್ನಾಗಿದೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಹಳೇ ಎರಡು ಸ್ಟ್ರೋಕ್
ದೊಡ್ಡಪ್ಪನವರಿಗೆ ನಮಸ್ಕಾರ ತಿಳಿಸಿ. ವೆಲ್ಡಿಂಗ್ ಬಗ್ಗೆ ನಾನೂ ತಕರಾರು ಎತ್ತಿಲ್ಲವಲ್ಲ. ಮೈಸೂರಿನ ಅಭಿಮಾನಕ್ಕೆ ಅಂತ ಗಾಡಿ ತೆಗೆದುಕೊಳ್ಳಬೇಡಿ, ಓಡಿಸಿ ಇಷ್ಟವಾದರೆ ತೆಗೆದುಕೊಳ್ಳಿ. ನನ್ನ ಮಾತು ಅಷ್ಟೇ.

ಕುವೆಂಪುನಗರ ಸವಾರ
ಓಡಿಸಿಯೇ ತೆಗೆದುಕೊಂಡದ್ದು ಸಾರ್. ಅಭಿಮಾನ ಮರೂನ್ ಬಣ್ಣ ಆರಿಸುವಾಗ ಮಾತ್ರ ಬಂತು.

ಸ್ಪ್ಯಾನರ್ ಸ್ವಾಮಿ
ಎಲ್ಲರೂ ಇತಿಹಾಸ ಹೇಳುತ್ತಿದ್ದೀರಿ, ಮೊದಲ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ. ನಾನು ಗ್ಯಾರೇಜ್ ಇಟ್ಟವನು, ಕೈಗೆ ಬಂದದ್ದನ್ನು ಹೇಳುತ್ತೇನೆ.

ಕಂಪನಿ ಪುಸ್ತಕದಲ್ಲಿ ಕೊಟ್ಟ ಕಿಲೋಮೀಟರ್, ಕೊಟ್ಟ ಆರ್‌ಪಿಎಂ ಮೊದಲು ಓದಿ. ವಾರಂಟಿ ಅದಕ್ಕೇ ಅಂಟಿಕೊಂಡಿರುತ್ತದೆ. ಆಮೇಲೆ ಇದು: ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಒಂದಕ್ಕೊಂದು ಸವೆದು ಕೂರಬೇಕು. ಅದಕ್ಕೆ ಎಂಜಿನ್ ಮೇಲಿನ ಭಾರ ಏರಿ ಇಳಿಯುತ್ತಿರಬೇಕು. ಊರೊಳಗಿನ ಓಡಾಟ, ಸಣ್ಣ ಏರು ಒಳ್ಳೆಯದು. ಜನ ಹೆದರಿ ನಿಧಾನಕ್ಕೆ ಓಡಿಸುತ್ತಾರೆ, ಐದನೇ ಗೇರಲ್ಲಿ ಮೂವತ್ತಕ್ಕೆ ಗಡಗಡ ಅನ್ನಿಸಿಕೊಂಡು. ಅದು ಜೋರಾಗಿ ತಿರುಗಿಸುವಷ್ಟೇ ಕೆಟ್ಟದ್ದು. ಎಂಜಿನ್ ಒದ್ದಾಡಿದರೆ ಗೇರ್ ಇಳಿಸಿ, ಮರ್ಯಾದೆಯ ಪ್ರಶ್ನೆ ಏನಿಲ್ಲ.

ಟೈರ್ ಹೊಸದು, ಮೇಲೆ ನುಣುಪು ಪದರ ಇರುತ್ತದೆ. ಸ್ವಲ್ಪ ದಿನ ತಿರುವಿನಲ್ಲಿ ಗಾಡಿ ಮಲಗಿಸಬೇಡಿ, ಮಳೆಯಲ್ಲಂತೂ ಬೇಡವೇ ಬೇಡ. ಬ್ರೇಕ್ ಪ್ಯಾಡ್ ಕೂಡ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು. ಚೈನ್ ಮೊದಮೊದಲು ಬೇಗ ಸಡಿಲ ಆಗುತ್ತದೆ, ನೋಡುತ್ತಿರಿ. ಸ್ಪೋಕ್ ಚಕ್ರ ಎಂದಿರಿ, ಮೊದಲ ಸರ್ವಿಸ್‌ನಲ್ಲಿ ಸ್ಪೋಕ್ ಬಿಗಿ ನೋಡಿ ಎಂದು ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ನೋಡುವುದಿಲ್ಲ. ನೀವೇ ನೋಡಬಹುದು, ಸಣ್ಣ ಸ್ಪ್ಯಾನರ್‌ನಿಂದ ಒಂದೊಂದೇ ಸ್ಪೋಕ್ ತಟ್ಟುತ್ತಾ ಬನ್ನಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಟಪ್ ಅನ್ನುತ್ತದೆ.

ಕೂಲೆಂಟ್ ಕಮ್ಮಿ ಆಯಿತು ಎಂದು ನಲ್ಲಿ ನೀರು ಸುರಿಯಬೇಡಿ. ಬಿಸಿ ಎಂಜಿನ್ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಪಾಂಡವಪುರ ಪ್ಯಾಸೆಂಜರ್
ಸ್ವಾಮಿ, ಸ್ಪೋಕ್ ಚಕ್ರ ಅಂದರೆ ಟ್ಯೂಬ್ ಇರುತ್ತದಲ್ವಾ? ಪಂಕ್ಚರ್ ಆದರೆ?

ಸ್ಪ್ಯಾನರ್ ಸ್ವಾಮಿ
ಟ್ಯೂಬ್ ಟೈರೇ. ಪಂಕ್ಚರ್ ಆದರೆ ಗಾಳಿ ಒಮ್ಮೆಗೇ ಹೋಗುತ್ತದೆ, ಚಕ್ರ ಬಿಚ್ಚಲೇಬೇಕು. ದೂರ ಹೋಗುವಾಗ ಒಂದು ಟ್ಯೂಬ್ ಬ್ಯಾಗಲ್ಲಿ ಇಟ್ಟುಕೊಳ್ಳಿ. ಹಳ್ಳಿ ಪಂಕ್ಚರ್ ಅಂಗಡಿಯವನಿಗೆ ಚಕ್ರ ಬಿಚ್ಚುವುದು ಗೊತ್ತು, ಆದರೆ ನಿಮ್ಮ ಅಳತೆಯ ಟ್ಯೂಬ್ ಅವನ ಹತ್ತಿರ ಇರುವುದಿಲ್ಲ.

ಹಿಂದಿನ ಸೀಟು
ನಾನೂ ರೆಟ್ರೋ ಗಾಡಿ ಓಡಿಸುತ್ತೇನೆ, ಯಜಮಾನರ ಹಿಂದೆಯೂ ಕೂರುತ್ತೇನೆ. ಎರಡೂ ಕಡೆಯಿಂದ ಹೇಳುತ್ತೇನೆ ಕೇಳಿ.

ಗಾಡಿ ಮಾರುವವರು ಬಿಎಚ್‌ಪಿ ಹೇಳುತ್ತಾರೆ, ಹಿಂದೆ ಕೂರುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಇವು ಕಾನೂನಿನ ಪ್ರಕಾರ ಇರಲೇಬೇಕು. ಎಷ್ಟೋ ಹುಡುಗರು ಗಾಡಿ ಬಂದ ವಾರಕ್ಕೇ ಸೀರೆ ಗಾರ್ಡ್ ಬಿಚ್ಚಿಸಿ ಅಟ್ಟಕ್ಕೆ ಹಾಕುತ್ತಾರೆ, ಲುಕ್ ಹಾಳಾಗುತ್ತದಂತೆ. ನಿಮ್ಮ ಅಮ್ಮ ಸೀರೆ ಉಟ್ಟು ಹಿಂದೆ ಕೂರುತ್ತಾರೆ ತಾನೆ? ಬಿಚ್ಚಬೇಡಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಓಡಿಸುವವಳಾಗಿ ಹೇಳುವುದಾದರೆ ನನಗೆ ಸೀಟಿನ ಎತ್ತರ ಸಮಸ್ಯೆ ಅಲ್ಲ. 800 ಮಿ.ಮೀ. ಆಸುಪಾಸು ಇದ್ದರೆ ಕಾಲು ಸಿಗುತ್ತದೆ. ಕಷ್ಟ ಇರುವುದು ತೂಕದಲ್ಲಿ. ಜಾವಾ, ಕ್ಲಾಸಿಕ್ ಎರಡೂ ಹತ್ತಿರ ಹತ್ತಿರ 195 ಕಿಲೋ. ಓಡುವಾಗ ಗೊತ್ತಾಗುವುದಿಲ್ಲ. ದೇವರಾಜ ಮಾರ್ಕೆಟ್ ಹತ್ತಿರ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ ಬನ್ನಿ. ವಾಪಸ್ ಬರುವಷ್ಟರಲ್ಲಿ ಎರಡೂ ಪಕ್ಕ ಸ್ಕೂಟರ್ ಅಂಟಿಸಿರುತ್ತಾರೆ. ಹಿಂದಕ್ಕೆ ಎಳೆಯುವಾಗ ಗೊತ್ತಾಗುತ್ತದೆ 195 ಕಿಲೋ ಅಂದರೆ ಏನು ಅಂತ. ಅದಕ್ಕೇ ತೆಗೆಯುವಾಗ ಮುಂದಕ್ಕೆ ಹೋಗುವ ಹಾಗೆ ನಿಲ್ಲಿಸಿ.

ಮದ್ದೂರು ವಡೆ
ಅಕ್ಕ, ಈ ಪಾರ್ಕಿಂಗ್ ಮಾತು ಶೋರೂಮಿನಲ್ಲಿ ಬೋರ್ಡ್ ಬರೆಸಿ ಹಾಕಬೇಕು.

ಸರಸ್ವತಿಪುರಂ ಸೈಲೆನ್ಸರ್
ಡೆಲಿವರಿ ಮಾತು ಬಂತಲ್ಲ, ನನ್ನ ಕಥೆ ಕೇಳಿ. ಬೇರೆ ಗಾಡಿ, ಬೇರೆ ಶೋರೂಮ್, ಹೆಸರು ಬೇಡ. ಬುಕ್ ಮಾಡುವಾಗ ಹೇಳಿದ ಬೆಲೆ ಒಂದು, ಬಿಲ್ ಕೈಗೆ ಬಂದಾಗ ಇನ್ನೊಂದು. ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಟೆಫ್ಲಾನ್ ಕೋಟಿಂಗ್ ಎಲ್ಲ ಸೇರಿಸಿಬಿಟ್ಟಿದ್ದರು. ಬೇಡ ಎಂದರೆ "ಕಡ್ಡಾಯ ಸಾರ್, ಎಲ್ಲರೂ ತಗೋತಾರೆ" ಅಂತ. ಕಡ್ಡಾಯ ಎಂದು ಬರೆದು ಸಹಿ ಹಾಕಿ ಕೊಡಿ ಎಂದೆ. ಹತ್ತು ನಿಮಿಷ ಒಳಗೆ ಹೋಗಿ ಬಂದರು, ಎಲ್ಲ ತೆಗೆದರು. ಆಮೇಲೆ ಹೆಲ್ಮೆಟ್‌ಗೆ ಬಿಲ್ ಹಾಕಿದರು! ಹೊಸ ದ್ವಿಚಕ್ರ ಕೊಡುವಾಗ ಐಎಸ್‌ಐ ಹೆಲ್ಮೆಟ್ ಜೊತೆಗೆ ಕೊಡಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಅದನ್ನು ಫೋನಿನಲ್ಲಿ ತೆಗೆದು ತೋರಿಸಬೇಕಾಯಿತು.

ಇನ್ಷೂರೆನ್ಸ್ ಕೂಡ ಅವರ ಹತ್ತಿರವೇ ಮಾಡಿಸಬೇಕು ಅಂತೇನಿಲ್ಲ. ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಅದು ನಿಜ. ಯಾರ ಹತ್ತಿರ ಮಾಡಿಸಬೇಕು ಎನ್ನುವುದು ನಿಮ್ಮ ಇಷ್ಟ.

ಗುಡುಗುಡು ಗಾಡಿ
ಇದರಲ್ಲಿ ಮಾತ್ರ ಎಲ್ಲ ಬ್ರ್ಯಾಂಡೂ ಅಣ್ಣತಮ್ಮಂದಿರು.

ಯಾದವಗಿರಿ ಕ್ರಾಸ್
ಹಂಗಂತ ಎಲ್ಲರನ್ನೂ ಬೈಯಬೇಡಿ. ನನಗೆ ಸಿಕ್ಕ ಕಡೆ ಕೇಳುವ ಮೊದಲೇ ಹೆಲ್ಮೆಟ್ ಕೊಟ್ಟರು. ಸೈಜ್ ಮಾತ್ರ ನನ್ನ ಮಗನಿಗೆ ಸರಿಯಾಯಿತು.

ಬನಶಂಕರಿಗೆ ಹೋದವನು
ನಾನು ಮೈಸೂರಿನವನು, ಕೆಲಸ ಬೆಂಗಳೂರಲ್ಲಿ. ಹೊಸ ಗಾಡಿಯಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಒಂದು ಸಲ ಆರನೇ ಗೇರ್ ನೋಡಿ ಹೇಳಿ ಗುರು.

ಸಕ್ಕರೆ ನಾಡು
ಎಲ್ಲಿದ್ದೀರಾ ಸ್ವಾಮಿ? 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಬರಬೇಕು.

ಬನಶಂಕರಿಗೆ ಹೋದವನು
650 ಸಿಸಿಗೂ ಬಿಡಲ್ಲ ಅಲ್ವಾ, ಅದು ಅನ್ಯಾಯ. ಕಾರಿಗಿಂತ ಜೋರಾಗಿ ಹೋಗುವ ಗಾಡಿ.

ಸಕ್ಕರೆ ನಾಡು
ಜೋರಾಗಿ ಹೋಗುವುದೇ ತೊಂದರೆ. ಶುರುವಿನಲ್ಲಿ ಅಲ್ಲಿ ಆದ ಸಾವುಗಳನ್ನು ನಮ್ಮ ಮಂಡ್ಯದವರು ಮರೆತಿಲ್ಲ. ಸರ್ವಿಸ್ ರಸ್ತೆ ನಿಧಾನ, ಒಪ್ಪುತ್ತೇನೆ. ಆದರೆ ಅಲ್ಲೇ ಬಿಡದಿ ತಟ್ಟೆ ಇಡ್ಲಿ ಇದೆ, ಮದ್ದೂರು ವಡೆ ಇದೆ, ಚನ್ನಪಟ್ಟಣದ ಗೊಂಬೆ ಅಂಗಡಿ ಇದೆ. ಮೇಲಿನ ರಸ್ತೆಯಲ್ಲಿ ಏನಿದೆ, ಟೋಲ್.

ಇದನ್ನು ಓದುತ್ತಿರುವ ಹೊಸ ಗಾಡಿಯವರಿಗೆ ಒಂದು ಮಾತು. ಮಂಡ್ಯ ಕಡೆ ಒಳರಸ್ತೆಗೆ ಬಂದರೆ ಸುಗ್ಗಿ ಕಾಲದಲ್ಲಿ ಹುಷಾರು. ಹುರುಳಿ, ರಾಗಿ ರಸ್ತೆ ಮೇಲೇ ಒಕ್ಕಣೆಗೆ ಹಾಕಿರುತ್ತಾರೆ. ಕಾರಿನವರಿಗೆ ಏನೂ ಅನ್ಸಲ್ಲ. ಎರಡು ಚಕ್ರಕ್ಕೆ ಹುರುಳಿ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಮುಗಿಯಿತು. ಎಬಿಎಸ್ ಇದೆ ಎಂದು ನಂಬಬೇಡಿ, ಹಿಡಿತವೇ ಇಲ್ಲದ ಕಡೆ ಅದಾದರೂ ಏನು ಮಾಡುತ್ತದೆ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಿ. ಆಚೆ ಹೋದ ಮೇಲೆ ನಿಲ್ಲಿಸಿ ಚೈನ್, ಸೈಲೆನ್ಸರ್ ಹತ್ತಿರ ಹುಲ್ಲು ಸುತ್ತಿಕೊಂಡಿದೆಯಾ ನೋಡಿ. ಬಿಸಿ ಸೈಲೆನ್ಸರ್‌ಗೆ ಒಣ ಹುಲ್ಲು ತಾಗಿದರೆ ಹೊತ್ತಿಕೊಳ್ಳಬಹುದು. ರಾತ್ರಿಯಾದರೆ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಬೇರೆ.

ಸರಸ್ವತಿಪುರಂ ಸೈಲೆನ್ಸರ್
ರಸ್ತೆ ಮೇಲೆ ಒಕ್ಕಣೆ ಮಾಡುವುದೇ ತಪ್ಪು ಅಲ್ವಾ? ಯಾರೂ ಕೇಳಲ್ವಾ?

ಸಕ್ಕರೆ ನಾಡು
ತಪ್ಪೇ. ಎಲ್ಲ ಊರಿಗೂ ಒಂದು ಒಳ್ಳೆ ಕಣ ಮಾಡಿಕೊಡಿ, ಮರುದಿನವೇ ನಿಲ್ಲುತ್ತದೆ. ಆಯುಧಪೂಜೆ ದಿನ ನೀವು ಸಿಟಿಯವರು ನಡುರಸ್ತೆಯಲ್ಲಿ ಬೂದುಗುಂಬಳ ಒಡೆದು ಹೋಗುತ್ತೀರಲ್ಲ, ಅದರ ಮೇಲೆ ಜಾರಿ ಬೀಳುವವರನ್ನು ಯಾರು ಕೇಳುತ್ತಾರೆ?

ಹಿಂದಿನ ಸೀಟು
ಇದಕ್ಕೆ ನನ್ನ ಲೈಕ್.

ಪಾಂಡವಪುರ ಪ್ಯಾಸೆಂಜರ್
ವಿಷಯ ಬದಲಿಸುತ್ತೇನೆ. ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕಿದರೆ ಹೊಸ ಎಂಜಿನ್‌ಗೆ ಏನಾದರೂ ಆಗುತ್ತಾ? ವಾಟ್ಸ್‌ಆಪ್‌ನಲ್ಲಿ ದಿನಾ ಒಂದು ವಿಡಿಯೋ.

ಸ್ಪ್ಯಾನರ್ ಸ್ವಾಮಿ
ಈಚೆಗೆ ಬಂದ ಗಾಡಿಗಳ ರಬ್ಬರ್, ಪೈಪು ಇ20ಗೆ ತಕ್ಕ ಹಾಗೇ ಇರುತ್ತವೆ. ಹಳೇ ಕಾರ್ಬೊರೇಟರ್ ಗಾಡಿ ಇದ್ದವರು ಚಿಂತೆ ಮಾಡಬೇಕು, ಅದರಲ್ಲೂ ತಿಂಗಳುಗಟ್ಟಲೆ ನಿಲ್ಲಿಸುವವರು. ಎಥೆನಾಲ್ ನೀರು ಹೀರುತ್ತದೆ, ಟ್ಯಾಂಕ್ ಒಳಗೆ ತುಕ್ಕು. ಮೈಲೇಜ್ ಸ್ವಲ್ಪ ಇಳಿಯುವುದು ನಿಜ, ಎಥೆನಾಲ್‌ನಲ್ಲಿ ಶಕ್ತಿಯೇ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಮ್ಮಿ.

ಹಳೇ ಎರಡು ಸ್ಟ್ರೋಕ್
ನನ್ನ ಎರಡು ಗಾಡಿಯ ಟ್ಯಾಂಕ್ ನೆನೆದು ಈಗ ನಿದ್ದೆ ಬರಲ್ಲ.

ಸಕ್ಕರೆ ನಾಡು
ಎಥೆನಾಲ್ ಬೈಯುವ ಮೊದಲು ನೆನಪಿರಲಿ, ಅದು ಕಬ್ಬಿನಿಂದಲೂ ಬರುತ್ತದೆ. 1933ರಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಶುರುವಾದ ಊರಿನವನು ನಾನು. ನಿಮ್ಮ ಮೈಲೇಜ್ ಹೋದರೂ ನಮ್ಮ ಕಬ್ಬಿನ ಬಾಕಿ ಬರಲಿ.

ಗುಡುಗುಡು ಗಾಡಿ
ಮೈಲೇಜೂ ಹೋಯಿತು, ಬಾಕಿ ಬಂತಾ?

ಸಕ್ಕರೆ ನಾಡು
ಅದು ಬೇರೆ ವಿಷಯ.

ಕುವೆಂಪುನಗರ ಸವಾರ
ಎಲ್ಲರಿಗೂ ಥ್ಯಾಂಕ್ಸ್. ಸ್ಪ್ಯಾನರ್ ಸ್ವಾಮಿಯವರೇ, ಸ್ಪೋಕ್ ತಟ್ಟಿ ನೋಡಿದೆ, ಹಿಂದಿನ ಚಕ್ರದಲ್ಲಿ ಒಂದು ಟಪ್ ಅಂತು. ಸರ್ವಿಸ್‌ನಲ್ಲಿ ಹೇಳುತ್ತೇನೆ. ಸೀರೆ ಗಾರ್ಡ್ ಬಿಚ್ಚುವುದಿಲ್ಲ ಅಕ್ಕ, ಅಮ್ಮನಿಗೂ ನಿಮ್ಮ ಪೋಸ್ಟ್ ಓದಿ ಹೇಳಿದೆ. ಮೊದಲ ಸರ್ವಿಸ್ ಆದ ಮೇಲಿನ ಭಾನುವಾರ ಮೇಲುಕೋಟೆಗೆ ಹೋಗುವ ಯೋಚನೆ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೇಲೆ. ಯಾರು ಬರುತ್ತೀರಾ?

ಮದ್ದೂರು ವಡೆ
ಪುಳಿಯೋಗರೆ ಇದ್ದರೆ ನಾನು ಬಂದೆ.

ಹಳೇ ಎರಡು ಸ್ಟ್ರೋಕ್
ರೋಡ್‌ಕಿಂಗ್ ತರುತ್ತೇನೆ. ಬೆಟ್ಟ ಹತ್ತುವಾಗ ನನ್ನ ಹಿಂದೆ ಬರಬೇಡಿ, ಹೊಗೆ.

ಗುಡುಗುಡು ಗಾಡಿ
ನಾನೂ ಬರುತ್ತೇನೆ. ಯಾರ ಗಾಡಿಯಾದರೂ ನಿಂತರೆ ಕಟ್ಟಿ ಎಳೆಯಲು ಒಂದು ಬುಲೆಟ್ ಬೇಕಲ್ಲ. ಆರು ಗಂಟೆಗೆ ಹೊರಡೋಣ.

ಹಿಂದಿನ ಸೀಟು
ಆರು ಬೇಡ, ಏಳು. ಮನೆ ತಿಂಡಿ ಯಾರು ಮಾಡುತ್ತಾರೆ, ಗ್ರೂಪ್ ಅಡ್ಮಿನ್ನಾ? ಈ ಸಲ ನಾನೇ ಓಡಿಸುವುದು, ಯಜಮಾನರು ಹಿಂದೆ.

ಪಾಂಡವಪುರ ಪ್ಯಾಸೆಂಜರ್
ಏಳೇ ಸರಿ. ನಮ್ಮೂರು ದಾಟಿ ಜಕ್ಕನಹಳ್ಳಿ ಕಡೆ ಒಕ್ಕಣೆ ಹಾಕಿದ್ದಾರಾ ಇಲ್ವಾ ಹಿಂದಿನ ದಿನ ನೋಡಿ ಇಲ್ಲೇ ಹಾಕುತ್ತೇನೆ. ಹಾಕಿದ್ದರೆ ಬೇರೆ ದಾರಿ ಹೇಳುತ್ತೇನೆ, ಸ್ವಲ್ಪ ಸುತ್ತು, ಆದರೆ ರಸ್ತೆ ಚೆನ್ನಾಗಿದೆ.